ಗಂಟಿನೊಳಗಿನ ವಂಶಾವಳಿ

ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟೊಂದು ಕಾಣಿಸಿಕೊಂಡರೆ ನಮ್ಮ ಕಡೆ ಮೊದಲು ಸುಳಿಯುವ ಅನುಮಾನ ಟಿಬಿಯದು. ಅದರಲ್ಲಿ ತಪ್ಪೇನಿಲ್ಲ, ಈ ದೇಶದಲ್ಲಿ ಅಂಥ ಗಂಟುಗಳಿಗೆ ಕ್ಷಯ ಒಂದು ದೊಡ್ಡ ಕಾರಣವೇ ಹೌದು. ಆದರೆ ಸೂಜಿ ಚುಚ್ಚಿ ತೆಗೆದ ಒಂದೆರಡು ಹನಿಯನ್ನು ನಂಬಿ, ಕೆಲವೊಮ್ಮೆ ಅದೂ ಇಲ್ಲದೆ, ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗುವವರಿದ್ದಾರೆ. ಗಂಟು ಕರಗುವುದಿಲ್ಲ, ಜ್ವರ ಬಿಡುವುದಿಲ್ಲ, ರಾತ್ರಿ ಬೆವರಿ ಹಾಸಿಗೆ ತೊಯ್ಯುತ್ತದೆ, ಮೈ ಇಳಿಯುತ್ತದೆ. ಆಮೇಲೆ ದೊಡ್ಡಾಸ್ಪತ್ರೆಗೆ ಬಂದಾಗ ಅವರಲ್ಲಿ ಕೆಲವರ ಗಂಟಿನೊಳಗೆ ಸಿಗುವುದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್. ವರದಿ ಕೈಗೆ ಬಂದೊಡನೆ ಮನೆಯವರು ಕೇಳುವುದು, "ಯಾವ ಸ್ಟೇಜು ಡಾಕ್ಟ್ರೇ?" ವೈದ್ಯರಿಗೆ ಅದಕ್ಕೂ ಮೊದಲು ಗೊತ್ತಾಗಬೇಕಾದದ್ದು ಬೇರೊಂದಿದೆ: ಇದು ಯಾವ ಕೋಶದ ಸಂತಾನ?

ರಕ್ತದಲ್ಲೂ ದುಗ್ಧಗ್ರಂಥಿಗಳಲ್ಲೂ ಕಾವಲಿರುವ ಲಿಂಫೋಸೈಟುಗಳಲ್ಲಿ ಎರಡು ಮುಖ್ಯ ಮನೆತನಗಳಿವೆ. ಬಿ ಕೋಶಗಳು ಅಸ್ಥಿಮಜ್ಜೆಯಲ್ಲಿ ರೂಪುಗೊಂಡು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಳಗಿ ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಇಲ್ಲವೇ ಬೇರೆ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಎರಡರಲ್ಲಿ ಯಾವುದರಿಂದಲಾದರೂ ಲಿಂಫೋಮಾ ಹುಟ್ಟಬಹುದು. ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಎರಡೂ ನೀಲಿಯ ದುಂಡು ಕೋಶಗಳೇ. ಔಷಧ ಮಾತ್ರ ಬೇರೆ ಬೇರೆ. ಬಿ ಕೋಶಗಳ ಮೈಮೇಲಿರುವ ಸಿಡಿ20 ಎಂಬ ಪ್ರೋಟೀನನ್ನು ಹಿಡಿಯುವ ರಿಟುಕ್ಸಿಮ್ಯಾಬ್‌ಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದೇ ಬಗೆಯ ರೆಡಿಟಕ್ಸ್ ಅನ್ನು ಇಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದಿತು. ಬಿ ಕೋಶದ ಲಿಂಫೋಮಾ ಇರುವವರ ಪಾಲಿಗೆ ಇದು ಬದುಕನ್ನೇ ಬದಲಿಸಿದ ಔಷಧ. ಸಿಡಿ20 ಇಲ್ಲದ ಟಿ ಕೋಶದ ಲಿಂಫೋಮಾಕ್ಕೆ ಅದು ನಾಟುವುದಿಲ್ಲ.

ಈಗ ಬಹುಪಾಲು ಗಂಟುಗಳ ಮೂಲವನ್ನು ಐಎಚ್‌ಸಿ ಪರೀಕ್ಷೆಯೇ ಹೇಳಿಬಿಡುತ್ತದೆ. ಕೋಶದ ಪ್ರೋಟೀನುಗಳಿಗೆ ಒಂದೊಂದಾಗಿ ಬಣ್ಣ ಹತ್ತಿಸಿ, ಇದು ಬಿ, ಇದು ಟಿ ಎಂದು ಗುರುತಿಸುವ ವಿಧಾನ ಅದು. ಆದರೆ ಕ್ಯಾನ್ಸರ್ ಕೋಶ ಒಮ್ಮೊಮ್ಮೆ ತನ್ನ ಗುರುತಿನ ಪ್ರೋಟೀನುಗಳನ್ನೆಲ್ಲ ಕಳಚಿಹಾಕುತ್ತದೆ, ಬೇರೆ ಮನೆತನದ್ದನ್ನು ಹೊದ್ದುಕೊಳ್ಳುವುದೂ ಉಂಟು. ಅಂಥ ಹೊತ್ತಿನಲ್ಲಿ ಮೈಮೇಲಿನದನ್ನು ಬಿಟ್ಟು ಒಳಗಿನ ಡಿಎನ್‌ಎಯನ್ನೇ ಓದಬೇಕಾಗುತ್ತದೆ. ಹಾಗೆ ಓದಲು ಸಾಧ್ಯವಾಗಿರುವುದು ಲಿಂಫೋಸೈಟಿನ ಒಂದು ವಿಚಿತ್ರ ಸ್ವಭಾವದಿಂದ.

ಮೈಯ ಪ್ರತಿ ಕೋಶದಲ್ಲೂ ಒಂದೇ ಡಿಎನ್‌ಎ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಬಿ ಮತ್ತು ಟಿ ಕೋಶಗಳ ವಿಷಯದಲ್ಲಿ ಈ ಮಾತು ಪೂರ್ತಿ ನಿಜವಲ್ಲ. ಲೆಕ್ಕವಿಲ್ಲದಷ್ಟು ಬಗೆಯ ರೋಗಾಣುಗಳಿಗೆ ತಕ್ಕ ಪ್ರತಿಕಾಯ ತಯಾರಾಗಬೇಕು, ಇರುವ ಜೀನುಗಳೋ ಸುಮಾರು ಇಪ್ಪತ್ತು ಸಾವಿರ. ಒಂದು ಪ್ರತಿಕಾಯಕ್ಕೆ ಒಂದು ಜೀನು ಎಂದರೆ ಲೆಕ್ಕ ಕೂಡುವುದೇ ಇಲ್ಲ. ಪ್ರತಿಕಾಯದ ಒಂದು ಸರಪಳಿಯ ಹಿಂದೆ ಬೇರೆ ಬೇರೆ ಕಡೆ ಇರುವ ಜೀನ್ ತುಣುಕುಗಳು ಇರಬೇಕು ಎಂದು 1965ರಲ್ಲಿ ಡ್ರೇಯರ್ ಮತ್ತು ಬೆನೆಟ್ ಎಂಬ ವಿಜ್ಞಾನಿಗಳು ಊಹಿಸಿದರು. ಆಗ ಅದನ್ನು ನಂಬಿದವರು ಕಡಿಮೆ. ಅಮೆರಿಕದ ವೀಸಾ ಮುಗಿಯುತ್ತ ಬಂದದ್ದರಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಇಮ್ಯುನಾಲಜಿ ಸಂಸ್ಥೆಗೆ ಹೋಗಿ ಸೇರಿದ್ದ ಜಪಾನಿನ ಸುಸುಮು ತೊನೆಗಾವಾ, ಸಹೋದ್ಯೋಗಿ ಹೊಜುಮಿಯ ಜೊತೆ 1976ರಲ್ಲಿ ಆ ಊಹೆ ನಿಜವೆಂದು ತೋರಿಸಿದರು. ಇಲಿಯ ಭ್ರೂಣದ ಡಿಎನ್‌ಎಯನ್ನೂ ಪ್ರತಿಕಾಯ ತಯಾರಿಸುವ ಇಲಿಯ ಮೈಲೋಮಾ ಗಡ್ಡೆಯ ಡಿಎನ್‌ಎಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿ, ಜೆಲ್‌ನಲ್ಲಿ ಹರಿಸಿ ನೋಡಿದರು. ಭ್ರೂಣದಲ್ಲಿ ಎರಡು ಬೇರೆ ಬೇರೆ ತುಂಡುಗಳಲ್ಲಿದ್ದ ಜೀನ್ ಭಾಗಗಳು ಗಡ್ಡೆಯಲ್ಲಿ ಒಂದೇ ತುಂಡಿನಲ್ಲಿ ಸೇರಿದ್ದವು. ಬೆಳೆಯುವ ದಾರಿಯಲ್ಲಿ ಕೋಶ ತನ್ನ ಡಿಎನ್‌ಎಯನ್ನೇ ಕತ್ತರಿಸಿ ಮರುಜೋಡಿಸಿಕೊಂಡಿತ್ತು. ತೊನೆಗಾವಾ ಅವರಿಗೆ 1987ರ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಆ ವರ್ಷದ ವೈದ್ಯಕೀಯ ಬಹುಮಾನ ಅವರೊಬ್ಬರದೇ.

ಮನುಷ್ಯನ 14ನೇ ವರ್ಣತಂತುವಿನಲ್ಲಿ ಪ್ರತಿಕಾಯದ ಭಾರಿ ಸರಪಳಿಯ ಜೀನ್ ಇದೆ. ಅಲ್ಲಿ ಕೆಲಸಕ್ಕೆ ಬರುವ ವಿ ತುಣುಕುಗಳು ಸುಮಾರು 40, ಡಿ ತುಣುಕುಗಳು 23, ಜೆ ತುಣುಕುಗಳು 6. ಬೆಳೆಯುತ್ತಿರುವ ಬಿ ಕೋಶ ಮೊದಲು ಒಂದು ಡಿಯನ್ನು ಒಂದು ಜೆಗೆ ಸೇರಿಸುತ್ತದೆ, ಆಮೇಲೆ ಅದಕ್ಕೆ ಒಂದು ವಿ ಜೋಡಿಸುತ್ತದೆ. ಕತ್ತರಿಸುವ ಕೆಲಸ ರ‍್ಯಾಗ್1, ರ‍್ಯಾಗ್2 ಎಂಬ ಜೋಡಿ ಪ್ರೋಟೀನುಗಳದು. ಬೆಸುಗೆಯ ಜಾಗದಲ್ಲಿ ಇನ್ನೊಂದು ಕಿಣ್ವ ತನಗೆ ತೋಚಿದ ಹಾಗೆ ಕೆಲವು ಅಕ್ಷರಗಳನ್ನು ಸೇರಿಸುತ್ತದೆ; ಅಂಚಿನ ಕೆಲವು ಅಕ್ಷರಗಳು ಉದುರಿಹೋಗುತ್ತವೆ. ಹೀಗಾಗಿ ಎರಡು ಕೋಶಗಳಲ್ಲಿ ಅದೇ ವಿ, ಡಿ, ಜೆ ಸೇರಿದರೂ ಬೆಸುಗೆಯ ಬರಹ ಒಂದೇ ಆಗಿರುವುದು ತೀರಾ ಅಪರೂಪ. ನಡುವೆ ಕತ್ತರಿಸಿ ಹೋದ ಡಿಎನ್‌ಎ ಸಾಮಾನ್ಯವಾಗಿ ಉಂಗುರವಾಗಿ ಹೊರಬಿದ್ದು ಕಳೆದುಹೋಗುವುದರಿಂದ ಕೋಶ ಹಿಂದಿನ ಸ್ಥಿತಿಗೆ ಮರಳುವಂತೆಯೂ ಇಲ್ಲ. ಟಿ ಕೋಶಗಳು ಇದೇ ಕೆಲಸವನ್ನು ತಮ್ಮ ಗ್ರಾಹಕದ ಜೀನುಗಳಲ್ಲಿ, ಅಂದರೆ ಟಿಸಿಆರ್ ಜೀನುಗಳಲ್ಲಿ, ಮಾಡಿಕೊಳ್ಳುತ್ತವೆ. ಒಂದು ಕೋಶ ಕ್ಯಾನ್ಸರಿಗೆ ತಿರುಗಿ ಕೋಟಿಗಟ್ಟಲೆ ಮಕ್ಕಳನ್ನು ಹೆತ್ತರೆ ಅವೆಲ್ಲದರಲ್ಲೂ ಅದೇ ಬೆಸುಗೆ ಇರುತ್ತದೆ. ಊರೂರು ಸುತ್ತುವ ಹೆಳವರು ಮನೆಯ ಮುಂದೆ ನಿಂತು ನಮಗೇ ಮರೆತುಹೋದ ತಲೆಮಾರುಗಳನ್ನು ಬಾಯಿಬಿಟ್ಟು ಹೇಳುತ್ತಾರಲ್ಲ, ಲಿಂಫೋಸೈಟಿನ ಮಟ್ಟಿಗೆ ಆ ಕೆಲಸ ಮಾಡುವುದು ಈ ಬೆಸುಗೆ.

ಇಲಿಯಲ್ಲಿ ಕಂಡದ್ದನ್ನು ರೋಗಿಗಳ ಹತ್ತಿರ ತಂದವರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ (ಎನ್‌ಐಎಚ್) ಸ್ಟ್ಯಾನ್ಲಿ ಕೋರ್ಸ್‌ಮೇಯರ್, ಥಾಮಸ್ ವಾಲ್ಡ್‌ಮನ್, ಫಿಲಿಪ್ ಲೆಡರ್ ಮುಖ್ಯರು. ಬಿ ಎಂದೂ ಟಿ ಎಂದೂ ಹೇಳಲಾಗದ, ಹಾಗಾಗಿ 'ನಲ್ ಸೆಲ್' ಎಂದು ಕರೆಯುತ್ತಿದ್ದ ಮಕ್ಕಳ ರಕ್ತಕ್ಯಾನ್ಸರಿನ ಕೋಶಗಳಲ್ಲಿ ಪ್ರತಿಕಾಯದ ಜೀನು ಆಗಲೇ ಜೋಡಣೆಯಾಗಿದೆ, ಅವು ಎಳೆಯ ಬಿ ಕೋಶಗಳು ಎಂದು 1981ರಲ್ಲಿ ಅವರು ತೋರಿಸಿದರು. ಕೂದಲಿನಂಥ ಚಾಚುಗಳಿರುವ ಕೋಶಗಳ ಹೇರಿ ಸೆಲ್ ಲ್ಯುಕೀಮಿಯಾ ಎಲ್ಲಿಂದ ಹುಟ್ಟಿತೆಂಬ ಬಹುಕಾಲದ ಜಗಳಕ್ಕೂ 1983ರಲ್ಲಿ ಹೀಗೆಯೇ ಉತ್ತರ ಸಿಕ್ಕಿತು: ಅದೂ ಬಿ ಕೋಶವೇ. ದೊಡ್ಡ ಕೋಶಗಳನ್ನು ನೋಡಿ ಹಿಂದಿನವರು 'ಹಿಸ್ಟಿಯೊಸೈಟಿಕ್ ಲಿಂಫೋಮಾ' ಎಂದು ಹೆಸರಿಟ್ಟಿದ್ದ ಗಂಟುಗಳಲ್ಲಿ ಬಹುಪಾಲು ಹಿಸ್ಟಿಯೊಸೈಟುಗಳಿಗೆ, ಅಂದರೆ ಅಂಗಾಂಶದಲ್ಲಿದ್ದು ರೋಗಾಣುಗಳನ್ನು ಕಬಳಿಸುವ ಕೋಶಗಳಿಗೆ, ಸಂಬಂಧಪಟ್ಟವಲ್ಲ, ಬಿ ಕೋಶಗಳ ಮಕ್ಕಳು ಎಂಬುದೂ ಖಚಿತವಾಯಿತು.

1984ರಲ್ಲಿ ಟೊರಾಂಟೊದ ಟಾಕ್ ಮಾಕ್ ಅವರ ತಂಡ ಮನುಷ್ಯನ ಟಿಸಿಆರ್ ಜೀನನ್ನೂ, ಮಾರ್ಕ್ ಡೇವಿಸ್ ಮತ್ತು ಸ್ಟೀಫನ್ ಹೆಡ್ರಿಕ್ ಇಲಿಯದನ್ನೂ ಹಿಡಿದುಕೊಟ್ಟ ಮೇಲೆ ಟಿ ಮನೆತನಕ್ಕೂ ಸಾಕ್ಷಿ ಸಿಕ್ಕಂತಾಯಿತು. 1970ರ ದಶಕದಲ್ಲಿ ಕ್ಯಾನ್ಸರಲ್ಲದ, ರೋಗನಿರೋಧಕ ವ್ಯವಸ್ಥೆಯ ಅತಿರೇಕವೆಂದು ವರ್ಣಿಸಿದ್ದ ಒಂದು ಕಾಯಿಲೆ ಇತ್ತು. ಗಂಟು, ಜ್ವರ, ಮೈತುಂಬ ಗಂಧೆ, ರಕ್ತದಲ್ಲಿ ಪ್ರತಿಕಾಯಗಳ ಪ್ರವಾಹ. ಟಿಸಿಆರ್ ಜೀನುಗಳನ್ನು ಓದಿದಾಗ ಹಲವರಲ್ಲಿ ಒಂದೇ ಟಿ ಕೋಶದ ಸಂತಾನ ತುಂಬಿರುವುದು ಬಯಲಾಯಿತು. ಇಂದು ಅದನ್ನು ಆಂಜಿಯೊಇಮ್ಯುನೊಬ್ಲಾಸ್ಟಿಕ್ ಟಿ ಸೆಲ್ ಲಿಂಫೋಮಾ ಎಂಬ ಕ್ಯಾನ್ಸರಾಗಿಯೇ ಗಣಿಸುತ್ತಾರೆ.

ಆದರೆ ಈ ವಿದ್ಯೆಯ ಬೆಲೆ ಏನೆಂದು ತಿಳಿಯಲು ಹಾಜ್‌ಕಿನ್ ಕಾಯಿಲೆ ಎಂಬ ಲಿಂಫೋಮಾದ ಕಥೆ ಕೇಳಬೇಕು. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಥಾಮಸ್ ಹಾಜ್‌ಕಿನ್ ಗ್ರಂಥಿಗಳೂ ಗುಲ್ಮವೂ ಊದಿಕೊಂಡು ಸತ್ತವರ ವಿವರ ಬರೆದರು. ಅವರು ನೋಡಿದ್ದು ಬರಿಗಣ್ಣಿನಲ್ಲಿ. ಆಸ್ಪತ್ರೆಯ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದ ಆ ರೋಗಿಗಳ ಅಂಗಾಂಶವನ್ನು 1926ರಲ್ಲಿ ಹರ್ಬರ್ಟ್ ಫಾಕ್ಸ್ ಸೂಕ್ಷ್ಮದರ್ಶಕದಡಿ ಇಟ್ಟು, ಅವರಲ್ಲಿ ಕೆಲವರಿಗಿದ್ದದ್ದು ನಾವು ಇಂದು ಹಾಜ್‌ಕಿನ್ ಎನ್ನುವ ಕಾಯಿಲೆಯೇ ಎಂದು ದೃಢಪಡಿಸಿದರು. ತೊಂಬತ್ತಕ್ಕೂ ಹೆಚ್ಚು ವರ್ಷ ಯಾರೋ ಜೋಪಾನ ಮಾಡಿದ್ದರಿಂದ ಆದ ಕೆಲಸ ಅದು.

ಈ ನಡುವೆ 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಡೊರೊತಿ ರೀಡ್ ಈ ಗಂಟುಗಳಲ್ಲಿರುವ ದೈತ್ಯ ಕೋಶವನ್ನು ವಿವರಿಸಿದ್ದರು. ಕಾಯಿಲೆ ಕ್ಷಯದ್ದೇ ಒಂದು ವಿಶೇಷ ರೂಪ ಎಂಬುದು ಸ್ಟರ್ನ್‌ಬರ್ಗ್ ಅಭಿಪ್ರಾಯ. ಅಲ್ಲ, ಕ್ಷಯವೇ ಬೇರೆ ಇದೇ ಬೇರೆ ಎಂದು ಖಡಾಖಂಡಿತವಾಗಿ ಬರೆದವರು ರೀಡ್. ನಮ್ಮ ಊರುಗಳಲ್ಲಿ ಇಂದೂ ನಡೆಯುವ ಗೊಂದಲವನ್ನು ಆ ತರುಣಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಬಿಡಿಸಿಟ್ಟಿದ್ದರು. ಹೆಂಗಸಾದ್ದರಿಂದ ಅಲ್ಲಿ ಮೇಲಿನ ಹುದ್ದೆ ಸಿಗುವಂತಿಲ್ಲವೆಂದು ತಿಳಿದ ಮೇಲೆ ಅವರು ಅಲ್ಲಿನ ಪೆಥಾಲಜಿ ವಿಭಾಗವನ್ನೇ ಬಿಟ್ಟರು. ಪೆಥಾಲಜಿಗೆ ಅದು ಸಣ್ಣ ನಷ್ಟವಲ್ಲ.

ರೀಡ್–ಸ್ಟರ್ನ್‌ಬರ್ಗ್ ಕೋಶವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸುತ್ತಲಿನ ಲಿಂಫೋಸೈಟುಗಳಿಗಿಂತ ಹಲವು ಪಟ್ಟು ದೊಡ್ಡದು. ಒಳಗೆ ಪಕ್ಕಪಕ್ಕದಲ್ಲಿ ಎರಡು ಕೋಶಕೇಂದ್ರ, ಪ್ರತಿಯೊಂದರ ನಡುವೆ ಕೆಂಪಗೆ ಎದ್ದು ಕಾಣುವ ದೊಡ್ಡ ಚುಕ್ಕೆ, ಅದರ ಸುತ್ತ ತಿಳಿ ಬಳೆ. ಪೆಥಾಲಜಿಸ್ಟರ ಮಾತಿನಲ್ಲಿ ಇದು ಗೂಬೆಗಣ್ಣು. ಇಷ್ಟು ಚೆನ್ನಾಗಿ ಕಾಣುವ ಕೋಶ ಯಾರ ಮಗು ಎಂಬುದು ಮಾತ್ರ ತೊಂಬತ್ತು ವರ್ಷ ಗೊತ್ತಾಗಲಿಲ್ಲ. ಅದರ ಮೈಮೇಲೆ ಬಿ ಕೋಶದ ಗುರುತುಗಳು ಹೆಚ್ಚಾಗಿ ಇಲ್ಲ, ಪ್ರತಿಕಾಯ ತಯಾರಿಸುವುದಿಲ್ಲ. ಇರುವುದು ಸಿಡಿ30, ಸಿಡಿ15 ಎಂಬ ಪ್ರೋಟೀನುಗಳು, ಅವೂ ಹಲವು ಬಗೆಯ ಕೋಶಗಳಲ್ಲಿ ಕಾಣುವಂಥವು. ಹಾಗಾಗಿ ಟಿ ಕೋಶ ಎಂದವರಿದ್ದರು, ಬಿ ಎಂದವರಿದ್ದರು, ಮ್ಯಾಕ್ರೊಫೇಜ್ ಎಂದವರೂ ಡೆಂಡ್ರಿಟಿಕ್ ಕೋಶ ಎಂದವರೂ ಇದ್ದರು. ಡಿಎನ್‌ಎ ನೋಡೋಣವೆಂದರೆ ಅಲ್ಲೊಂದು ತೊಡಕು. ಹಾಜ್‌ಕಿನ್ ಗಂಟಿನಲ್ಲಿ ಕ್ಯಾನ್ಸರ್ ಕೋಶಗಳು ನೂರಕ್ಕೆ ಒಂದರ ಆಸುಪಾಸು, ಮಿಕ್ಕವೆಲ್ಲ ಸುತ್ತ ನೆರೆದ ಆರೋಗ್ಯವಂತ ಕೋಶಗಳು. ಇಡೀ ಗಂಟನ್ನು ಅರೆದು ಡಿಎನ್‌ಎ ತೆಗೆದರೆ, ಡಿಎನ್‌ಎ ತುಂಡುಗಳನ್ನು ಗುರುತಿಸುವ ಆ ಕಾಲದ ಸದರ್ನ್ ಬ್ಲಾಟ್ ಪರೀಕ್ಷೆಗೆ ಅಷ್ಟು ಕಡಿಮೆ ಪ್ರಮಾಣ ಸಾಮಾನ್ಯವಾಗಿ ಕಾಣುತ್ತಿರಲಿಲ್ಲ.

ಜರ್ಮನಿಯ ಕಲೋನ್‌ನಲ್ಲಿ ರಾಲ್ಫ್ ಕ್ಯೂಪರ್ಸ್ ಮತ್ತು ಕ್ಲಾಸ್ ರಾಜೆವ್ಸ್ಕಿ, ಪೆಥಾಲಜಿಸ್ಟ್ ಮಾರ್ಟಿನ್ ಲಿಯೊ ಹಾನ್ಸ್‌ಮನ್ ಜೊತೆಗೂಡಿ ಹಿಡಿದ ದಾರಿ ಮಹಾ ತಾಳ್ಮೆಯದು. ಹೆಪ್ಪುಗಟ್ಟಿಸಿದ ಗಂಟಿನ ತೆಳು ಪದರಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕೂದಲೆಳೆಯಂಥ ಗಾಜಿನ ನಳಿಗೆಯಿಂದ ದೈತ್ಯ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಹೀರಿಕೊಂಡು ಬೇರೆ ಬೇರೆ ಟ್ಯೂಬಿಗೆ ಹಾಕಿದರು. ಒಂದು ಟ್ಯೂಬಿಗೆ ಒಂದೇ ಕೋಶ. ಆ ಒಂದು ಕೋಶದ ಡಿಎನ್‌ಎಯನ್ನು ಪಿಸಿಆರ್‌ನಿಂದ ಹೆಚ್ಚಿಸಿ ಬೆಸುಗೆಯ ಅಕ್ಷರಗಳನ್ನು ಓದಿದರು. 1994ರಲ್ಲಿ ಬಂದ ಫಲಿತಾಂಶ: ದೈತ್ಯ ಕೋಶಗಳಲ್ಲಿ ಪ್ರತಿಕಾಯದ ಜೀನು ಜೋಡಣೆಯಾಗಿದೆ, ಒಬ್ಬ ರೋಗಿಯ ಗಂಟಿನಿಂದ ಹೆಕ್ಕಿದ ಬೇರೆ ಬೇರೆ ಕೋಶಗಳಲ್ಲಿ ಅದೇ ಬೆಸುಗೆ ಮರುಕಳಿಸುತ್ತಿದೆ. ಹಾಗಾದರೆ ಇವು ಬಿ ಕೋಶಗಳು, ಒಂದೇ ತಾಯಿಯ ಮಕ್ಕಳು.

ಎರಡು ವರ್ಷದ ಬಳಿಕ ಅದೇ ಬಳಗ ಇನ್ನೂ ಆಳಕ್ಕಿಳಿಯಿತು. ಬಿ ಕೋಶ ದುಗ್ಧಗ್ರಂಥಿಯ ಜರ್ಮಿನಲ್ ಸೆಂಟರ್ ಎಂಬ ಜಾಗದಲ್ಲಿ ತನ್ನ ಪ್ರತಿಕಾಯದ ಜೀನಿನಲ್ಲಿ ಬೇಕೆಂದೇ ಸಣ್ಣ ಸಣ್ಣ ಅಕ್ಷರ ಬದಲಾವಣೆ ಮಾಡಿಕೊಳ್ಳುತ್ತದೆ, ರೋಗಾಣುವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು. ಬದಲಾವಣೆ ಕೆಟ್ಟದ್ದಾಗಿ ಪ್ರತಿಕಾಯವೇ ತಯಾರಾಗದಂತಾದರೆ ಆ ಕೋಶ ಅಲ್ಲೇ ಸಾಯಬೇಕು. ಹಾಜ್‌ಕಿನ್ ಕೋಶಗಳಲ್ಲಿ ಆ ಬದಲಾವಣೆಗಳ ಗುರುತು ಇತ್ತು, ಕೆಲವು ರೋಗಿಗಳಲ್ಲಿ ಜೀನನ್ನು ಪೂರ್ತಿ ನಿಷ್ಪ್ರಯೋಜಕ ಮಾಡುವ ಬದಲಾವಣೆಯೂ ಇತ್ತು. ಸಾಯಬೇಕಾದ ಕೋಶ ಸಾಯದೆ ಉಳಿದು ಕ್ಯಾನ್ಸರಾಯಿತು ಎಂಬ ವಿವರಣೆ ಬಂದದ್ದು ಹೀಗೆ. ಒಂದು ಕೋಶದ ಮನೆತನವನ್ನಷ್ಟೇ ಅಲ್ಲ, ಅದು ಬಾಳಿನ ಯಾವ ಘಟ್ಟದಲ್ಲಿ ದಾರಿ ತಪ್ಪಿತು ಎಂಬುದನ್ನೂ ಕೆಲವೇ ನೂರು ಅಕ್ಷರಗಳ ಡಿಎನ್‌ಎ ಹೇಳಿತಲ್ಲ, ಇದಕ್ಕಿಂತ ಸೊಗಸಾದ ರೋಗಶಾಸ್ತ್ರದ ಕೆಲಸ ನನಗೆ ತಿಳಿದಿಲ್ಲ. ಹೀಗೆ ನೋಡುವಾಗ ತೀರಾ ಅಪರೂಪಕ್ಕೆ ಟಿಸಿಆರ್ ಜೋಡಣೆ ಇರುವ ಹಾಜ್‌ಕಿನ್ ಪ್ರಕರಣಗಳೂ ಸಿಕ್ಕಿವೆ.

ಈಗ ಈ ಪರೀಕ್ಷೆ ಸಂಶೋಧನೆಯ ಕೋಣೆಯಿಂದ ಹೊರಗೆ ಬಂದು ಆಸ್ಪತ್ರೆಗಳ ಲ್ಯಾಬಿಗೆ ಇಳಿದಿದೆ. ಯುರೋಪಿನ ಹಲವು ಲ್ಯಾಬುಗಳು ಸೇರಿ ಬಯೋಮೆಡ್-2 ಎಂಬ ಯೋಜನೆಯಡಿ ಸಿದ್ಧಪಡಿಸಿ 2003ರಲ್ಲಿ ಪ್ರಕಟಿಸಿದ ವಿಧಾನ ಜಗತ್ತಿನಾದ್ಯಂತ ಬಳಕೆಗೆ ಬಂತು: 18 ಟ್ಯೂಬುಗಳಲ್ಲಿ 107 ಪ್ರೈಮರುಗಳು, ಅಂದರೆ ಪಿಸಿಆರ್ ಶುರುಮಾಡಲು ಬೇಕಾದ ಡಿಎನ್‌ಎ ಚೂರುಗಳು. ಫಲಿತಾಂಶ ಬರುವುದು ಗ್ರಾಫಿನ ರೂಪದಲ್ಲಿ. ಸೋಂಕಿನಿಂದ ಊದಿದ ಗಂಟಾದರೆ ಸಾವಿರಾರು ಬಗೆಯ ಬಿ ಕೋಶಗಳು ಇರುವುದರಿಂದ ಬೆಸುಗೆಯ ಉದ್ದ ಹಲವು ಅಳತೆಯದು. ಪ್ರತಿಕಾಯದ ಜೀನಿನ ಗ್ರಾಫಿನಲ್ಲಿ ಮೂರು ಮೂರು ಅಕ್ಷರಗಳ ಅಂತರದಲ್ಲಿ ಸಣ್ಣ ಮೊನೆಗಳು ಏಳುತ್ತವೆ, ನಡುವೆ ಎತ್ತರ, ಎರಡು ಬದಿಗೆ ತಗ್ಗು. ಮೂರರ ಅಂತರ ಏಕೆಂದರೆ ಪ್ರೋಟೀನಿನ ಬರಹ ಮೂರಕ್ಷರದ ಲೆಕ್ಕದಲ್ಲೇ ನಡೆಯುತ್ತದೆ, ಲೆಕ್ಕ ತಪ್ಪಿದ ಕೋಶಗಳು ಬಹುಪಾಲು ಉಳಿಯುವುದಿಲ್ಲ. ಲಿಂಫೋಮಾ ಆದರೆ ಆ ಸಾಲನ್ನು ಮೀರಿ ಒಂದೇ ಮೊನೆ, ಕೆಲವೊಮ್ಮೆ ಎರಡು, ನೆಟ್ಟಗೆ ಎದ್ದು ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಈ ಗ್ರಾಫು ಗಟ್ಟಿಯಾಗಿ ಹೇಳುವುದು 'ಇವೆಲ್ಲ ಒಂದೇ ಕೋಶದ ಸಂತಾನ' ಎಂಬುದನ್ನು. 'ಅದು ಬಿ', 'ಅದು ಟಿ' ಎಂಬ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ. ಎಳೆಯ ಬಿ ಕೋಶಗಳ ರಕ್ತಕ್ಯಾನ್ಸರಿನಲ್ಲಿ ಟಿಸಿಆರ್ ಜೀನುಗಳೂ ಜೋಡಣೆಯಾಗಿರುವುದು ತುಂಬ ಸಾಮಾನ್ಯ. ಟಿ ಕೋಶದ ಕ್ಯಾನ್ಸರಿನಲ್ಲಿ ಪ್ರತಿಕಾಯದ ಜೀನಿನ ಅರ್ಧ ಜೋಡಣೆ, ಡಿ ಮತ್ತು ಜೆ ಮಾತ್ರ ಸೇರಿದ್ದು, ಕಾಣುವುದುಂಟು. ಮೇಲೆ ಹೇಳಿದ ಆಂಜಿಯೊಇಮ್ಯುನೊಬ್ಲಾಸ್ಟಿಕ್ ಗಂಟಿನಲ್ಲಿ ಟಿ ಸಂತಾನದ ಜೊತೆಗೆ ಎಪ್‌ಸ್ಟೈನ್–ಬಾರ್ ವೈರಸ್ ಹೊಕ್ಕ ಬಿ ಕೋಶಗಳೂ ಬೆಳೆದು ಎರಡೂ ಕಡೆ ಮೊನೆ ತೋರಿಸಬಹುದು. ವಯಸ್ಸಾದವರ ರಕ್ತದಲ್ಲಿ, ಕೆಲವು ವೈರಸ್ ಜ್ವರಗಳಲ್ಲಿ ಕ್ಯಾನ್ಸರಿಲ್ಲದೆಯೂ ಟಿ ಕೋಶಗಳ ಒಂದು ಕುಟುಂಬ ದೊಡ್ಡದಾಗಿ ಬೆಳೆದಿರಬಹುದು. ತುಂಡು ತೀರಾ ಚಿಕ್ಕದಾಗಿ ಅದರಲ್ಲಿ ಹತ್ತಿಪ್ಪತ್ತು ಲಿಂಫೋಸೈಟು ಮಾತ್ರ ಇದ್ದರೆ ಸುಳ್ಳು ಮೊನೆಗಳು ಏಳುತ್ತವೆ. ಅದಕ್ಕೇ ಒಳ್ಳೆಯ ಲ್ಯಾಬು ಒಂದೇ ಮಾದರಿಯನ್ನು ಎರಡು ಸಲ ಓಡಿಸಿ, ಎರಡರಲ್ಲೂ ಅದೇ ಅಳತೆಯ ಮೊನೆ ಬಂದರಷ್ಟೇ ನಂಬುತ್ತದೆ. ಸ್ಲೈಡು, ಐಎಚ್‌ಸಿ, ರೋಗಿಯ ಲಕ್ಷಣ ಎಲ್ಲವನ್ನೂ ಎದುರಿಗಿಟ್ಟುಕೊಂಡು ಓದಬೇಕಾದ ಗ್ರಾಫು ಇದು. ಬರೀ ಮೊನೆ ನೋಡಿ ಕೀಮೋ ಶುರುಮಾಡುವುದು ಅನ್ಯಾಯ.

ಇನ್ನೊಂದು ಬಗೆಯ ಪ್ರಕರಣ ಮನೆತನದ ಕಲ್ಪನೆಯನ್ನೇ ಅಲ್ಲಾಡಿಸಿತು. ಫಾಲಿಕ್ಯುಲರ್ ಲಿಂಫೋಮಾ ಎಂಬ ಬಿ ಕೋಶದ ಕ್ಯಾನ್ಸರ್ ಇದ್ದ ಕೆಲವರಿಗೆ ಮುಂದೆ ಹಿಸ್ಟಿಯೊಸೈಟಿಕ್ ಸಾರ್ಕೋಮಾ ಬಂತು. ನೋಟದಲ್ಲೂ ಪ್ರೋಟೀನುಗಳಲ್ಲೂ ಅದು ಬಿ ಕೋಶವೇ ಅಲ್ಲ. ಎರಡು ಬೇರೆ ಬೇರೆ ಕ್ಯಾನ್ಸರ್ ಎಂದೇ ಯಾರಾದರೂ ಭಾವಿಸುತ್ತಾರೆ. 2008ರಲ್ಲಿ ಫೆಲ್ಡ್‌ಮನ್ ಮತ್ತು ಸಂಗಡಿಗರು ಅಂಥ ಜೋಡಿ ಗಡ್ಡೆಗಳ ಡಿಎನ್‌ಎ ಹೋಲಿಸಿದಾಗ ಎರಡರಲ್ಲೂ ಪ್ರತಿಕಾಯದ ಜೀನಿನ ಒಂದೇ ಬೆಸುಗೆ ಸಿಕ್ಕಿತು. ಬಿ ಕೋಶದ ಸಂತಾನ ರೂಪವನ್ನೂ ನಡತೆಯನ್ನೂ ಬದಲಿಸಿಕೊಂಡಿತ್ತು, ಬೆಸುಗೆಯನ್ನು ಅಳಿಸಲು ಮಾತ್ರ ಅದಕ್ಕೆ ಆಗಲಿಲ್ಲ. ಕೋಶ ಎಲ್ಲಿಂದ ಬಂತು ಎಂಬುದೂ ಈಗ ಏನಾಗಿದೆ ಎಂಬುದೂ ಬೇರೆ ಬೇರೆ ಎಂದು ಒಪ್ಪಲೇಬೇಕಾಯಿತು. ಚಿಕಿತ್ಸೆಗೆ ಎರಡೂ ಗೊತ್ತಿರಬೇಕು.

ಕಾಯಿಲೆ ಮರುಕಳಿಸಿದಾಗಲೂ ಈ ಬೆಸುಗೆ ಉಪಯೋಗಕ್ಕೆ ಬರುತ್ತದೆ. ಐದಾರು ವರ್ಷದ ನಂತರ ಎದ್ದ ಗಂಟು ಹಳೆಯದರ ಮುಂದುವರಿಕೆಯೋ ಹೊಸತೇ ಒಂದು ಕ್ಯಾನ್ಸರೋ ಎಂಬುದು ಹಳೆಯ ಮತ್ತು ಹೊಸ ಗಂಟಿನ ಬೆಸುಗೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಹಾಗೆ ಇಡಬೇಕಾದರೆ ಹಳೆಯ ಗಂಟು ಎಲ್ಲಾದರೂ ಉಳಿದಿರಬೇಕು.

ಉಳಿದಿರುತ್ತದೆ, ನಾವು ಕಳೆದುಕೊಳ್ಳದಿದ್ದರೆ. ಬಯಾಪ್ಸಿ ತುಂಡನ್ನು ಮೇಣದಲ್ಲಿ ಹುದುಗಿಸಿದ ಪುಟ್ಟ ಬ್ಲಾಕಿನಲ್ಲಿ ಡಿಎನ್‌ಎ ವರ್ಷಗಟ್ಟಲೆ ಓದುವಷ್ಟು ಉಳಿಯುತ್ತದೆ. ಅದು ಹಾಳಾಗುವುದು ಹೆಚ್ಚಾಗಿ ಮೊದಲ ಗಂಟೆಗಳಲ್ಲೇ. ಆಪರೇಷನ್ ಕೋಣೆಯಲ್ಲಿ ಸರಿಯಾದ ಫಾರ್ಮಲಿನ್ ಬದಲು ಕೈಗೆ ಸಿಕ್ಕ ಸಲೈನಿನಲ್ಲಿ ತುಂಡು ಹಾಕಿಟ್ಟರೆ ಅದು ಕೊಳೆಯತೊಡಗುತ್ತದೆ. ಮೂಳೆಯ ತುಂಡನ್ನು ಮೆದು ಮಾಡಲು ಕಟು ಆಮ್ಲ ಬಳಸಿದರೆ ಡಿಎನ್‌ಎ ಚೂರುಚೂರಾಗುತ್ತದೆ. ಇದು ಸಣ್ಣ ನರ್ಸಿಂಗ್ ಹೋಮುಗಳೂ ಸುಲಭವಾಗಿ ತಿದ್ದಿಕೊಳ್ಳಬಹುದಾದ ವಿಷಯ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ನೋವಿಲ್ಲದ ಗಂಟು ಕೆಲವು ವಾರಗಳಾದರೂ ಇಳಿಯದಿದ್ದರೆ, ಸೂಜಿ ಪರೀಕ್ಷೆಯಲ್ಲಿ ಸ್ಪಷ್ಟ ಉತ್ತರ ಸಿಗದಿದ್ದರೆ, ಇಡೀ ಗಂಟನ್ನು ತೆಗೆದು ಬಯಾಪ್ಸಿ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಲಿಂಫೋಮಾದ ಅನುಮಾನ ಇರುವಾಗ ಬಯಾಪ್ಸಿಗೆ ಮೊದಲು ನೀವಾಗಿಯೇ ಅಂಗಡಿಯಿಂದ ಸ್ಟೆರಾಯ್ಡ್ ತಂದು ನುಂಗಬೇಡಿ. ಗಂಟು ತಾತ್ಕಾಲಿಕವಾಗಿ ಕುಗ್ಗಿ ಪರೀಕ್ಷೆಯೇ ಕೆಡುತ್ತದೆ. ಊರು ಬದಲಿಸಿ ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಹಾಳೆಯೊಂದನ್ನೇ ಒಯ್ಯಬೇಡಿ, ಲ್ಯಾಬಿನಲ್ಲಿ ಸಹಿ ಹಾಕಿ ಸ್ಲೈಡುಗಳ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಪರೀಕ್ಷೆ ಮುಗಿದ ಮೇಲೆ ಮರೆಯದೆ ವಾಪಸು ತಂದು, ಬಿಸಿಲು ತಾಗದ ತಣ್ಣಗಿನ ಜಾಗದಲ್ಲಿ ಇಡಿ ಅಥವಾ ಲ್ಯಾಬಿಗೇ ಹಿಂದಿರುಗಿಸಿ ರಸೀದಿ ಇಟ್ಟುಕೊಳ್ಳಿ.